ಶಿವಯೋಗಪ್ಪನವರ ಓಟಗಾರ ಹೃದಯ

ಶಿವಮೊಗ್ಗದ ವಿನೋಬನಗರದ ಶಿವಯೋಗಪ್ಪನವರ ಎದೆಯಲ್ಲಿ ಸ್ಟೆಂಟ್ ಕೂತು ಆರು ವಾರವಾಗಿತ್ತು. ಈ ಆರು ವಾರದಲ್ಲಿ ಅವರು ಅದರ ವಿಷಯ ಎಷ್ಟು ಮಾತಾಡಿದ್ದರೆಂದರೆ, ದಿನಾ ಬೆಳಿಗ್ಗೆ ಹಾಲು ಹಾಕುವವನಿಗೂ ಅದರ ಉದ್ದಗಲ ಬಾಯಿಪಾಠವಾಗಿತ್ತು. ಅವರಿಗೀಗ ಅರವತ್ತೊಂದು. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ಸೂಪರಿಂಟೆಂಡೆಂಟಾಗಿ ನಿವೃತ್ತರಾದವರು. ಆ ಮೂವತ್ತೊಂದು ವರ್ಷವೂ ಕೂತದ್ದು ಪುನರ್ವಸತಿ ವಿಭಾಗದಲ್ಲಿ. ಅಣೆಕಟ್ಟಿನ ನೀರಿನಲ್ಲಿ ಮನೆಮಠ ಮುಳುಗಿದವರಿಗೆ ಬೇರೆಡೆ ನೆಲೆ ಮಾಡಿಕೊಡುವುದು ಆ ವಿಭಾಗದ ಕೆಲಸ. ಎಷ್ಟು ಜನಕ್ಕೆ ನೆಲೆ ಸಿಕ್ಕಿತೋ ತಿಳಿಯದು. ಶಿವಯೋಗಪ್ಪನವರಿಗಂತೂ ಕಿಟಕಿ ಪಕ್ಕದ ಕುರ್ಚಿಯಲ್ಲಿ ಭದ್ರವಾದ ನೆಲೆ ಸಿಕ್ಕಿತ್ತು.

ಹೀಗಾಗಿ, ಸ್ಟೆಂಟ್ ಹಾಕಿದ ಡಾಕ್ಟರು ಹನ್ನೆರಡು ವಾರ ಆಸ್ಪತ್ರೆಯ 'ಹೃದಯ ಪುನರ್ವಸತಿ ಘಟಕ'ಕ್ಕೆ ಬರಬೇಕೆಂದು ಚೀಟಿ ಬರೆದುಕೊಟ್ಟಾಗ ಅವರಿಗೆ ಒಳಗೊಳಗೇ ನಗು ಬಂತು. ಘಟಕವನ್ನು ನೋಡಿಕೊಳ್ಳುತ್ತಿದ್ದವಳು ಶೀತಲ್ ಎಂಬ ಫಿಸಿಯೋಥೆರಪಿಸ್ಟ್ ಹುಡುಗಿ. ಅವಳು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಇವರು ಕೈಯೆತ್ತಿ ತಡೆದರು.

"ಪುನರ್ವಸತಿ ಅಂದ್ರೇನು ಅಂತ ನನಗೆ ಹೇಳ್ಬೇಡಮ್ಮ. ಆ ಫೈಲು ನೋಡಿ ನೋಡೇ ನನ್ನ ತಲೆಕೂದ್ಲು ಹೋಗಿದ್ದು. ಅರ್ಜಿ ಎಲ್ಲಿ ಕೊಡ್ಬೇಕು ಹೇಳು, ಸಾಕು."

ಶೀತಲ್ ಅರ್ಜಿ ಕೊಡುವ ಬದಲು ಅವರನ್ನು ಟ್ರೆಡ್‌ಮಿಲ್ ಹತ್ತಿಸಿದಳು. ಹತ್ತಿಸಿ ಹೇಳಿದಳು: ಹೃದಯವೂ ತೋಳು ತೊಡೆಯ ಹಾಗೆ ಒಂದು ಸ್ನಾಯು. ದಿನವೂ ಅಳತೆಯಲ್ಲಿ ನಡೆದರೆ ಅದಕ್ಕೆ ಬಲ ಬರುತ್ತದೆ. ಬಲ ಬಂದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುವುದರಿಂದ ಹೆಚ್ಚು ಸಲ ಬಡಿಯುವ ಕಷ್ಟ ಅದಕ್ಕಿರುವುದಿಲ್ಲ. ಮೊದಲು ಐದು ನಿಮಿಷ ನಿಧಾನ, ಆಮೇಲೆ ಸ್ವಲ್ಪ ಬಿರುಸು, ಕೊನೆಗೆ ಮತ್ತೆ ನಿಧಾನ. ಒಮ್ಮೆಲೇ ಓಡುವಂತಿಲ್ಲ, ಒಮ್ಮೆಲೇ ನಿಲ್ಲುವಂತಿಲ್ಲ, ಮಾತ್ರೆ ಒಂದು ದಿನವೂ ತಪ್ಪಿಸುವಂತಿಲ್ಲ. ಶಿವಯೋಗಪ್ಪನವರು ಮೂವತ್ತೊಂದು ವರ್ಷ ಅರ್ಜಿದಾರರ ಮುಂದೆ ತಲೆಯಾಡಿಸಿದ ಹಾಗೆಯೇ ಇದಕ್ಕೂ ತಲೆಯಾಡಿಸಿದರು. ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿದ್ದ ಅವರ ಹೆಂಡತಿ ಬಸವರಾಜೇಶ್ವರಿಯವರು ಮಾತ್ರ, ತನಗೂ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆಯಂತೆ, ತಾನೂ ಹೀಗೇ ನಡೆಯಬಹುದೇ ಎಂದು ಕೇಳಿಕೊಂಡರು. ನಡೆಯಲೇಬೇಕು, ಯಜಮಾನರ ಜೊತೆಗೇ ಹೆಜ್ಜೆ ಹಾಕಿ ಎಂದಳು ಶೀತಲ್.

ಮೂರನೆಯ ವಾರ ಒಂದು ದಿನ, ಬಸವರಾಜೇಶ್ವರಿಯವರು ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ, ಶೀತಲ್ ಶಿವಯೋಗಪ್ಪನವರ ಬೆರಳಿಗೆ ಯಂತ್ರ ಸಿಕ್ಕಿಸಿ ಅಂಕಿ ನೋಡಿದಳು.

"ಐವತ್ತೆರಡು. ಓಟಗಾರರ ಹೃದಯ ಹೀಗಿರುತ್ತೆ ಅಂಕಲ್. ನಿಮ್ದು ಮಾತ್ರ..."

ಅಷ್ಟರಲ್ಲಿ ಪಕ್ಕದ ಟ್ರೆಡ್‌ಮಿಲ್ ಮೇಲಿದ್ದ ಹೊಳೆಹೊನ್ನೂರಿನ ಅಜ್ಜಿಯೊಬ್ಬರು ಯಾವುದೋ ಗುಂಡಿ ಒತ್ತಿ, ನೆಲ ಓಡಿಹೋಗುತ್ತಿದೆಯೆಂದು ಬೊಬ್ಬೆ ಹಾಕಿದರು. ಶೀತಲ್ ಅತ್ತ ಓಡಿದಳು. ಅಜ್ಜಿಯನ್ನು ಇಳಿಸಿ, ನೀರು ಕುಡಿಸಿ, ಇನ್ನು ಈ ಜನ್ಮದಲ್ಲಿ ಆ ಯಂತ್ರ ಹತ್ತುವುದಿಲ್ಲವೆಂಬ ಅವರ ಶಪಥವನ್ನು ಕೇಳಿ ಮುಗಿಸುವಷ್ಟರಲ್ಲಿ ಶಿವಯೋಗಪ್ಪನವರು ಚಪ್ಪಲಿ ಮೆಟ್ಟಿ ಹೊರಬಿದ್ದಿದ್ದರು. ಅರ್ಧ ವಾಕ್ಯ ಕೇಳಿ ಪೂರ್ತಿ ಅರ್ಥ ಮಾಡಿಕೊಳ್ಳುವ ಶಕ್ತಿ ಅವರಿಗೆ ಕಚೇರಿಯಲ್ಲೇ ಸಿದ್ಧಿಸಿತ್ತು.

ಆಲ್ಕೊಳ ಸರ್ಕಲ್ ಬರುವಷ್ಟರಲ್ಲಿ ಆಟೋದವನಿಗೆ ವಿಷಯ ತಿಳಿದಿತ್ತು. ಮನೆ ಗೇಟು ತೆಗೆಯುವಷ್ಟರಲ್ಲಿ 'ಓಟಗಾರರ ಹೃದಯ ಹೀಗಿರುತ್ತೆ' ಎಂಬುದು 'ಓಟಗಾರನದೇ ಹೃದಯ' ಎಂದಾಗಿತ್ತು. ಬಸವರಾಜೇಶ್ವರಿಯವರಿಗೆ ನಂಬಿಕೆ ಬರಲಿಲ್ಲ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಈ ಮನುಷ್ಯ ಓಡಿದ್ದನ್ನು ಅವರು ನೋಡಿದ್ದು ಒಂದೇ ಸಲ, ಅದೂ ನಾಯಿ ಅಟ್ಟಿಸಿಕೊಂಡು ಬಂದಾಗ. ಡಾಕ್ಟರನ್ನೇ ಒಂದು ಸಲ ಕೇಳೋಣ ಎಂದರು. ಕೇಳುವುದೇನಿದೆ, ಯಂತ್ರವೇ ಹೇಳಿದೆಯಲ್ಲ ಎಂದು ಇವರು ಶರಟಿನ ಗುಂಡಿ ಬಿಚ್ಚಿ ಫ್ಯಾನಿನ ಕೆಳಗೆ ಕೂತರು.

ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ ಮೊದಲು ಸಿಕ್ಕವರು ಶಂಕರನಾರಾಯಣ. ನಿವೃತ್ತ ಬ್ಯಾಂಕ್ ಮ್ಯಾನೇಜರು. ಹನ್ನೊಂದು ವರ್ಷದಿಂದ, ಮಳೆಯಿರಲಿ ಚಳಿಯಿರಲಿ, ಬಿಳಿ ಬೂಟು ಹಾಕಿ ದಿನಕ್ಕೆ ಎಂಟು ಸುತ್ತು ಹೊಡೆಯುವವರು. ಒಂಬತ್ತನೆಯ ಸುತ್ತನ್ನು ಯಾರಾದರೂ ಹೊಡೆದರೆ ಅವರಿಗೆ ಆ ದಿನ ತಿಂಡಿ ಸೇರುತ್ತಿರಲಿಲ್ಲ. ಶಿವಯೋಗಪ್ಪನವರು ಅವರನ್ನು ನಿಲ್ಲಿಸಿ, ಎಲ್ಲರೂ ನೋಡುತ್ತಿರುವಂತೆಯೇ ಮಣಿಕಟ್ಟಿಗೆ ಮೂರು ಬೆರಳಿಟ್ಟು, ಅಕ್ಕಸಾಲಿಗ ಚಿನ್ನ ಉಜ್ಜಿ ನೋಡುವ ಮುಖ ಮಾಡಿ ಒಂದು ನಿಮಿಷ ಗಡಿಯಾರ ನೋಡಿದರು.

"ಎಪ್ಪತ್ತಾರು," ಎಂದರು, ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ. "ನಂದು ಐವತ್ತೆರಡು. ಹನ್ನೊಂದು ವರ್ಷ ಓಡಾಡಿ ಏನು ಮಾಡ್ಕೊಂಡ್ರಿ ಶಂಕರನಾರಾಯಣ್ರೇ?"

ಎಪ್ಪತ್ತಾರು ಎಂದರೆ ಆರೋಗ್ಯವಂತನ ನಾಡಿಯೇ. ಆದರೆ ಅದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಶಂಕರನಾರಾಯಣರ ಮುಖ ಇಳಿದುಹೋಯಿತು. ನಾಲ್ಕನೆಯ ಸುತ್ತಿಗೇ ನಿಂತು ಬೆಂಚಿನ ಮೇಲೆ ಕೂತರು. ಕೂತವರ ಮುಂದೆ ಶಿವಯೋಗಪ್ಪನವರು ತಮ್ಮ ಸಿದ್ಧಾಂತವನ್ನು ಬಿಚ್ಚಿದರು. ಮೇಲಿನವನು ಒಬ್ಬೊಬ್ಬರಿಗೂ ಇಷ್ಟೇ ಬಡಿತವೆಂದು ಮಂಜೂರು ಮಾಡಿ ಕಳಿಸಿರುತ್ತಾನೆ. ಒಂದು ಸಲ ಆದೇಶವಾದ ಮೇಲೆ ತಿದ್ದುಪಡಿಯಿಲ್ಲ. ಬಿರಬಿರನೆ ನಡೆಯುವವನು ಅದನ್ನು ಸುಮ್ಮನೆ ಪೋಲು ಮಾಡುತ್ತಾನೆ. ಕೂತವನು ಉಳಿಸುತ್ತಾನೆ. ತಾವು ಮೂವತ್ತೊಂದು ವರ್ಷ ಕೂತೇ ಇದ್ದುದರಿಂದ ಐವತ್ತೆರಡಕ್ಕೆ ಇಳಿದಿದೆ. ಹಾಗಾದರೆ ಸ್ಟೆಂಟ್ ಯಾಕೆ ಹಾಕಬೇಕಾಯಿತು ಎಂದು ಹಿಂದಿನಿಂದ ಯಾರೋ ಕೇಳಿದರು. ಅದು ಪೈಪಿನ ಸಮಸ್ಯೆ, ಪಂಪು ಒಳ್ಳೆಯ ಕಂಪನಿಯದೇ ಎಂದು ಉತ್ತರ ಬಂತು. ಜನ ತಲೆದೂಗಿದರು. ಕೂತುಕೊಳ್ಳಿ ಎಂದು ಹೇಳುವ ಶಾಸ್ತ್ರಕ್ಕೆ ಶಿಷ್ಯರು ಸಿಗುವುದು ಯಾವ ಕಾಲದಲ್ಲೂ ಕಷ್ಟವಲ್ಲ.

ಹದಿನೈದು ದಿನದಲ್ಲಿ ಪಾರ್ಕಿನ ಚಹರೆಯೇ ಬದಲಾಯಿತು. ಸುತ್ತುದಾರಿಯಲ್ಲಿ ಹುಲ್ಲು ಚಿಗುರಿತು. ಬೆಂಚು ಸಾಲದೆ ಜನ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದರು. ನಿವೃತ್ತ ಹೆಡ್‌ಮಿಸ್ಟ್ರೆಸ್ ಸುವರ್ಣಮ್ಮ ಯುಗಾದಿಯಿಂದ ನಡೆದು ನಡೆದು ಆರು ಕಿಲೋ ಇಳಿಸಿದ್ದವರು, ನಡಿಗೆ ಬಿಟ್ಟು ನಿಪ್ಪಟ್ಟಿನ ಡಬ್ಬಿ ತರಲು ಶುರು ಮಾಡಿದರು. ದಿನಾ ಬೆಳಿಗ್ಗೆ ಶಿವಯೋಗಪ್ಪನವರು ಸಾಲಾಗಿ ಎಲ್ಲರ ನಾಡಿ ಹಿಡಿದು ನೋಡಿ, ಎಂಬತ್ತು ದಾಟಿದವರನ್ನು ಗದರಿಸಿ, ಎಪ್ಪತ್ತಕ್ಕೆ ಇಳಿದವರ ಬೆನ್ನು ತಟ್ಟುತ್ತಿದ್ದರು. ಕೂತು ತಿನ್ನುತ್ತಾ ಹರಟುತ್ತಾ ಇದ್ದ ಈ ಮಂಡಲಿಯ ಸುತ್ತ ಒಂಟಿಯಾಗಿ ಸುತ್ತು ಹೊಡೆಯುತ್ತಿದ್ದವರೆಂದರೆ ಬಸವರಾಜೇಶ್ವರಿಯವರು ಒಬ್ಬರೇ. ಮೊದಲು ಎರಡು ಸುತ್ತಿಗೆ ಏದುತ್ತಿದ್ದವರು ಈಗ ಆರು ಸುತ್ತು ಸಲೀಸಾಗಿ ಮುಗಿಸುತ್ತಿದ್ದರು. ಅವರು ಬೆಂಚಿನ ಮುಂದೆ ಹಾದುಹೋಗುವಾಗಲೆಲ್ಲ ಗಂಡ ಎಲ್ಲರಿಗೂ ಕೇಳುವಂತೆ ಮರುಗುತ್ತಿದ್ದರು.

"ಸುಮ್ನೆ ಬಡಿತ ಹಾಳು ಮಾಡ್ಕೋತಿದೀಯ ಮಾರಾಯ್ತಿ."

"ನಂದು ನಾನು ಹಾಳು ಮಾಡ್ಕೋತೀನಿ. ನೀವು ನಿಮ್ದು ಉಪ್ಪಿನಕಾಯಿ ಹಾಕಿ ಇಟ್ಕೊಳ್ಳಿ," ಎಂದು ಅವರು ನಿಲ್ಲದೆಯೇ ಉತ್ತರ ಕೊಟ್ಟು ಮುಂದೆ ಹೋಗುತ್ತಿದ್ದರು.

ಆಸ್ಪತ್ರೆಗೆ ಹೋಗುವುದನ್ನು ಶಿವಯೋಗಪ್ಪನವರು ನಿಲ್ಲಿಸಿಯಾಗಿತ್ತು. ಶೀತಲ್ ನಾಲ್ಕು ಸಲ ಫೋನ್ ಮಾಡಿದಳು. ಒಂದು ಸಲ ಮದುವೆ, ಒಂದು ಸಲ ಗೃಹಪ್ರವೇಶ, ಒಂದು ಸಲ ತಮಗೆ ಪರಿಚಯವೇ ಇಲ್ಲದವರ ತಿಥಿ. ನಾಲ್ಕನೆಯ ಸಲ ಫೋನನ್ನೇ ಎತ್ತಲಿಲ್ಲ.

ಈ ಹೊತ್ತಿಗೆ ಭದ್ರಾವತಿಯಲ್ಲಿ ಬಸವರಾಜೇಶ್ವರಿಯವರ ತಮ್ಮ ಮಲ್ಲೇಶ್ ಸಂಕಟದಲ್ಲಿದ್ದ. ಅವನದು ಶಾಮಿಯಾನ ಮತ್ತು ಫ್ಲೆಕ್ಸ್ ವ್ಯಾಪಾರ. ಯಾವ ಕಾರ್ಯಕ್ರಮವಾದರೂ ಶಾಮಿಯಾನ ಬೇಕು, ಫ್ಲೆಕ್ಸ್ ಬೇಕು. ಆದ್ದರಿಂದ ಕಾರ್ಯಕ್ರಮಗಳು ನಡೆಯುತ್ತಿರಲೆಂದು ಅವನೇ 'ಆರೋಗ್ಯ ಮಿತ್ರ ಮಂಡಳಿ' ಎಂಬುದನ್ನು ಕಟ್ಟಿ ಅದರ ಕಾರ್ಯದರ್ಶಿಯಾಗಿದ್ದ. ವಿಶ್ವ ಹೃದಯ ದಿನಕ್ಕೆ ಐನೂರು ಜನರ ನಡಿಗೆ ಜಾಥಾ, ಮೊದಲು ಗುರಿ ಮುಟ್ಟಿದವರಿಗೆ ಪದಕ ಎಂದು ಸಾರಿದ್ದ. ಮುಖ್ಯ ಅತಿಥಿಯಾಗಬೇಕಿದ್ದ ಕಬಡ್ಡಿ ಆಟಗಾರನೊಬ್ಬ ಕೊನೇ ವಾರದಲ್ಲಿ ಕೈಕೊಟ್ಟ. ಆಗ ಮಲ್ಲೇಶನಿಗೆ ಭಾವನ ಹೃದಯ ನೆನಪಿಗೆ ಬಂತು.

ಫ್ಲೆಕ್ಸಿನಲ್ಲಿ 'ಅಥ್ಲೀಟ್ ಹೃದಯದ ಶ್ರೀ ಶಿವಯೋಗಪ್ಪ' ಎಂದು ಹಾಕಬೇಕೆಂದಿತ್ತು. ಮಲ್ಲೇಶನ ಸ್ವಂತ ಫೋಟೋ ಸ್ವಲ್ಪ ದೊಡ್ಡದಾದ್ದರಿಂದ ಜಾಗ ಸಾಲದೆ 'ಹೃದಯದ' ಎಂಬುದನ್ನು ಕೈಬಿಡಲಾಯಿತು. ಮರುದಿನ ಭದ್ರಾವತಿಯ ನಾಲ್ಕು ಸರ್ಕಲುಗಳಲ್ಲಿ 'ಅಥ್ಲೀಟ್ ಶ್ರೀ ಶಿವಯೋಗಪ್ಪ' ಕೈಮುಗಿದು ನಿಂತಿದ್ದರು. ಅದನ್ನು ನೋಡಿದ ಮಂಡಳಿಯ ಅಧ್ಯಕ್ಷರು ಆಮಂತ್ರಣ ಪತ್ರಿಕೆಯಲ್ಲಿ 'ಮಾಜಿ ರಾಜ್ಯಮಟ್ಟದ ಓಟಗಾರರು' ಎಂದು ಸೇರಿಸಿದರು. ಅಥ್ಲೀಟ್ ಎಂದ ಮೇಲೆ ಯಾವುದಾದರೂ ಮಟ್ಟ ಇರಲೇಬೇಕಲ್ಲ.

ಆಮಂತ್ರಣ ಕೊಡಲು ಬಂದ ಮಲ್ಲೇಶ್, ಕಾಫಿ ಕುಡಿಯುತ್ತಾ ಮೇಜಿನ ಮೇಲಿದ್ದ ಮಾತ್ರೆ ಡಬ್ಬಿ ನೋಡಿ ಕೀಟಲೆ ಮಾಡಿದ.

"ಭಾವ, ಪೇಪರಿನೋರೆಲ್ಲ ಬರ್ತಾರೆ. ಓಟಗಾರ್ರು ಹೀಗೆ ಮಾತ್ರೆ ನುಂಗಿದ್ರೆ ಡೋಪಿಂಗ್ ಅಂತ ಬರೆದುಬಿಡ್ತಾರೆ, ನೋಡ್ಕೊಳ್ಳಿ."

ಅವನು ನಕ್ಕು ಹೋದ. ಶಿವಯೋಗಪ್ಪನವರು ನಗಲಿಲ್ಲ. ಡಬ್ಬಿ ಬಿಚ್ಚಿ ಪರಿಶೀಲನೆಗೆ ಕೂತರು. ರಕ್ತ ತೆಳುವಾಗಿಸುವ ಮಾತ್ರೆ ಇರಲಿ, ಅದು ಪೈಪಿನದು. ಕೊಬ್ಬಿನದೂ ಇರಲಿ. ಮೂರನೆಯ ಸಣ್ಣ ಬಿಳಿ ಮಾತ್ರೆಯ ಚೀಟಿಯ ಮೇಲೆ ಔಷಧಿ ಅಂಗಡಿಯವನು 'ಬಡಿತಕ್ಕೆ' ಎಂದು ಬರೆದಿದ್ದ. ಬಡಿತದ ಮಾತ್ರೆ ಬಡಿತ ಸರಿಯಿಲ್ಲದವರಿಗೆ. ತಮ್ಮದು ಐವತ್ತೆರಡು. ಆದ್ದರಿಂದ ಇದು ಅನಗತ್ಯ. ಕಡತದ ಮೇಲೆ ಷರಾ ಬರೆದಷ್ಟು ಸ್ಪಷ್ಟವಾಗಿ ತೀರ್ಮಾನವಾಯಿತು. ಅಂದಿನಿಂದ ಹೆಂಡತಿ ಕೈಗಿತ್ತ ಸಣ್ಣ ಬಿಳಿ ಮಾತ್ರೆ ನಾಲಗೆಯ ಕೆಳಗೆ ಒಂದು ಗಳಿಗೆ ನಿಂತು, ವರಾಂಡದ ಕ್ರೋಟನ್ ಕುಂಡಕ್ಕೆ ಹೋಗತೊಡಗಿತು. ಹೀಗೆ ಐದು ದಿನ ನಡೆಯಿತು. ಆ ಗಿಡಕ್ಕೆ ನಾಡಿಯೊಂದಿದ್ದಿದ್ದರೆ ಐವತ್ತೆರಡಕ್ಕೆ ಇಳಿದಿರುತ್ತಿತ್ತು.

ಜಾಥಾದ ದಿನ ಬೆಳಿಗ್ಗೆ ಏಳಕ್ಕೆ ಬೆಂಚಿನ ಮಂಡಲಿ ಪೂರ್ತಿ ಮಿನಿಬಸ್ಸಿನಲ್ಲಿ ಭದ್ರಾವತಿಗೆ ಬಂದಿಳಿಯಿತು. ಶಾಲಾ ಮೈದಾನದಲ್ಲಿ ಶಾಮಿಯಾನ, ಅದರ ಹಿಂದೆ ಸೇವಂತಿಗೆ ಹಾರ ಹಾಕಿ ಸಿಂಗರಿಸಿದ ಆಂಬುಲೆನ್ಸು, ಪಕ್ಕದಲ್ಲಿ ಉಚಿತ ತಪಾಸಣೆಯ ಮೇಜು. ಆ ಮೇಜಿನ ಹಿಂದೆ ಶೀತಲ್ ಕೂತಿದ್ದಳು. ಶಿವಮೊಗ್ಗದ ಆಸ್ಪತ್ರೆಯವರು ಅವಳನ್ನು ಕಳಿಸಿದ್ದರು. ಅವಳನ್ನು ಕಂಡ ಶಿವಯೋಗಪ್ಪನವರು ವೇದಿಕೆಗೆ ಆ ಕಡೆಯ ಮೆಟ್ಟಿಲಿನಿಂದ ಹತ್ತಿದರು.

ಉದ್ಘಾಟನೆಗೆ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ತಮ್ಮ ಭಾಷಣದಲ್ಲಿ ಭಾವುಕರಾದರು. ತಾವು ಚಿಕ್ಕವರಿದ್ದಾಗ ದಸರಾ ಕ್ರೀಡಾಕೂಟದಲ್ಲಿ ಈ ಶಿವಯೋಗಪ್ಪನವರು ಬರಿಗಾಲಲ್ಲಿ ಓಡಿದ್ದನ್ನು ಕಣ್ಣಾರೆ ಕಂಡಿದ್ದಾಗಿ ಹೇಳಿದರು. ಶಿವಯೋಗಪ್ಪನವರು ಮೊದಲು ಗಾಬರಿಯಿಂದ ಅಕ್ಕಪಕ್ಕ ನೋಡಿದರು. ಚಪ್ಪಾಳೆ ಬಿದ್ದ ಮೇಲೆ ಸಾವರಿಸಿಕೊಂಡು, ಆಗೆಲ್ಲ ಬೂಟು ಎಲ್ಲಿತ್ತು ಎಂದು ಮೈಕಿನ ಹತ್ತಿರ ಬಾಗಿ ನುಡಿದರು. ಅದು ಸುಳ್ಳೇನಲ್ಲ. ಆಗ ಅವರ ಹತ್ತಿರ ಬೂಟು ಇರಲಿಲ್ಲ.

ದೀಪ ಬೆಳಗುವುದು ಹಳೆಯದಾಯಿತೆಂದು ಮಲ್ಲೇಶ್ ಹೊಸ ವಿಧಾನ ಯೋಚಿಸಿದ್ದ. ಮುಖ್ಯ ಅತಿಥಿಯ ಬೆರಳಿಗೆ ಯಂತ್ರ ಸಿಕ್ಕಿಸಿ, ಅವರ ನಾಡಿಯನ್ನು ದೊಡ್ಡ ಪರದೆಯ ಮೇಲೆ ತೋರಿಸುವುದು. ಸಿಕ್ಕಿಸಿದರು. ಪರದೆಯ ಮೇಲೆ ತೊಂಬತ್ತಾರು ಮೂಡಿತು. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆಗೆ ನೂರ ನಾಲ್ಕಾಯಿತು. ಇನ್ನೂ ಜೋರಾಗಿ ತಟ್ಟಿದರು, ನೂರ ಹನ್ನೆರಡಾಯಿತು. ನಿರೂಪಕ ಹರಾಜು ಕೂಗುವವನ ಹಾಗೆ ಅಂಕಿ ಕೂಗತೊಡಗಿದ. ಮೊದಲ ಸಾಲಿನಲ್ಲಿದ್ದ ಬೆಂಚಿನ ಮಂಡಲಿಗೆ ಮಾತ್ರ ಏನೋ ಅನುಮಾನ ಬಂತು. ಶಂಕರನಾರಾಯಣರು ಕನ್ನಡಕ ಒರೆಸಿ ಮತ್ತೆ ನೋಡಿದರು. ಅಧಿಕಾರಿಗಳು ಮಲ್ಲೇಶನ ಕಡೆ ಬಾಗಿ ಕೇಳಿದರು.

"ಎಷ್ಟಕ್ಕೆ ಇದು? ನೂರೈವತ್ತಕ್ಕಾ?"

ಇನ್ನೂರಕ್ಕೆ ಇರಬೇಕು ಸಾರ್ ಎಂದ ಮಲ್ಲೇಶ್.

ನೂರ ಇಪ್ಪತ್ತು ದಾಟಿದ್ದನ್ನು ಕಂಡು ಶೀತಲ್ ಮೇಜು ಬಿಟ್ಟು ಎದ್ದು ಬಂದಳು. ಇವರನ್ನು ಕೂಡಲೇ ಇಳಿಸಿ ಎಂದಳು. ಫೋಟೋ ಒಂದು ಆಗಲಿ ಎಂದರು ಸಂಘಟಕರು. ಫೋಟೋ ಆಯಿತು. ಬಾವುಟ ಕೈಗೆ ಬಂತು. ಶಿವಯೋಗಪ್ಪನವರು ಬಾವುಟ ಬೀಸಿ, ಪೇಪರಿನವರು ಕೇಳಿದರೆಂದು ಜನರ ಮುಂದೆ ನಿಂತು, ಅವರ ಜೊತೆ ಓಡಿದರು. ಐವತ್ತು ಹೆಜ್ಜೆ ಓಡಿರಬಹುದು. ಬಾಗಿಲು ಮುಚ್ಚಿದ್ದ ಟೈಲರ್ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದು ಕೂತರು. ಜಾಥಾ ಘೋಷಣೆ ಕೂಗುತ್ತಾ ಅವರನ್ನು ದಾಟಿ ಹೋಯಿತು. ಹೃದಯ ಉಳಿಸಿ ಎಂಬುದೇ ಘೋಷಣೆ.

ಬಸವರಾಜೇಶ್ವರಿಯವರು ಬಂದು ನೋಡುತ್ತಾರೆ, ಗಂಡನ ಶರಟು ಬೆವರಿನಲ್ಲಿ ತೊಪ್ಪೆಯಾಗಿದೆ, ಮುಖ ಸುಣ್ಣದ ಗೋಡೆಯಂತಾಗಿದೆ. ಏನಾಗ್ತಿದೆ ಎಂದು ಕೇಳಿದರು. ಎದೆಯ ಮೇಲೆ ಯಾರೋ ಹತ್ತಿ ಕೂತ ಹಾಗಾಗುತ್ತಿದೆ ಎಂದರು ಅವರು. ಹಿಂದೆಯೇ ಬಂದ ಶೀತಲ್ ಮಾತ್ರೆ ಸರಿಯಾಗಿ ಕೊಟ್ಟಿದ್ದೀರಾ ಎಂದು ಕೇಳಿದಳು. ದಿನಾ ನನ್ನ ಕೈಯಾರೆ ಕೊಟ್ಟಿದೀನಿ ಎಂದರು ಬಸವರಾಜೇಶ್ವರಿ.

ಶಿವಯೋಗಪ್ಪನವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಚಿಕ್ಕದೊಂದನ್ನ ಕ್ರೋಟನ್ ಗಿಡಕ್ಕೆ ಹಾಕ್ದೆ ಕಣೇ. ಐದು ದಿನದಿಂದ."

ಶೀತಲ್ ಅವರನ್ನು ಅಲ್ಲೇ ಒರಗಿಸಿ ಕೂರಿಸಿ, ಡಾಕ್ಟರಿಗೆ ಫೋನ್ ಹಚ್ಚಿ, ಆಂಬುಲೆನ್ಸ್ ತನ್ನಿ ಎಂದಳು. ಸೇವಂತಿಗೆ ಹಾರದ ಆಂಬುಲೆನ್ಸ್ ನೂರು ಹೆಜ್ಜೆ ದೂರದಲ್ಲೇ ಇತ್ತು. ಅದರ ಡ್ರೈವರ್ ಸತೀಶ್ ಇರಲಿಲ್ಲ. ಐನೂರು ಜನವೆಂದು ಸಾರಿದ್ದ ಜಾಥಾಕ್ಕೆ ತಲೆ ಕಡಿಮೆ ಬಿದ್ದಿತೆಂದು ಮಲ್ಲೇಶ್ ಶಾಮಿಯಾನದ ಆಳುಗಳಿಗೂ, ಉಪ್ಪಿಟ್ಟು ಮಾಡಲು ಬಂದಿದ್ದ ಭಟ್ಟರಿಗೂ, ಆಂಬುಲೆನ್ಸಿನ ಡ್ರೈವರನಿಗೂ ಟೋಪಿ, ಬನಿಯನ್ನು ಕೊಟ್ಟು ನಡೆಯಲು ಕಳಿಸಿದ್ದ. ಕೀ ಸತೀಶನ ಜೇಬಿನಲ್ಲಿ. ಅವನ ಮೊಬೈಲು ಬೀಗ ಹಾಕಿದ ಆಂಬುಲೆನ್ಸಿನೊಳಗೆ ಚಾರ್ಜಿಗಿದ್ದು, ಕರೆ ಮಾಡಿದಾಗಲೆಲ್ಲ ಅಲ್ಲೇ ಹೊಡೆದುಕೊಳ್ಳುತ್ತಿತ್ತು. ಮಲ್ಲೇಶ್ ಬೇರೆ ಗಾಡಿ ಗೊತ್ತು ಮಾಡುತ್ತೇನೆಂದು ಒಬ್ಬರಾದ ಮೇಲೊಬ್ಬರಿಗೆ ಫೋನ್ ಮಾಡಿದ. ಗಾಡಿಯಿದ್ದವರೆಲ್ಲ ಅವನ ಒತ್ತಾಯಕ್ಕೆ ಗಾಡಿ ಮನೆಯಲ್ಲಿ ಬಿಟ್ಟು ಜಾಥಾದಲ್ಲಿ ನಡೆಯುತ್ತಿದ್ದರು.

ಬಸವರಾಜೇಶ್ವರಿಯವರು ಕಾಯಲಿಲ್ಲ. ಸತೀಶನ ಗುರುತು ಕೇಳಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರು. ಮೊದಲು ಬಿರುಸಿನ ನಡಿಗೆ, ಆಮೇಲೆ ಓಟ. ಏದುತ್ತಿದ್ದ ಸುವರ್ಣಮ್ಮನವರನ್ನು ದಾಟಿದರು. ಮರದ ನೆರಳಿನಲ್ಲಿ ನಿಂತುಬಿಟ್ಟಿದ್ದ ಶಂಕರನಾರಾಯಣರನ್ನು ದಾಟಿದರು. ಅಧಿಕಾರಿಗಳನ್ನೂ ಅವರ ಛತ್ರಿ ಹಿಡಿದವನನ್ನೂ ದಾಟಿದರು. ಜಾಥಾದ ಜೊತೆಗೆ ಹೋಗುತ್ತಿದ್ದ ಜೀಪಿನ ಮೈಕು, ಹಸಿರು ಸೀರೆಯ ತಾಯಿಯೊಬ್ಬರು ಎಲ್ಲರನ್ನೂ ಹಿಂದೆ ಹಾಕುತ್ತಿದ್ದಾರೆಂದು ಸಾರತೊಡಗಿತು. ರಸ್ತೆ ಬದಿಯ ಜನ ಹುರಿದುಂಬಿಸಿದರು. ಹಳೆ ಸೇತುವೆಯ ಮೇಲೆ ಎಲ್ಲರಿಗಿಂತ ಮುಂದಿದ್ದವನು ಸತೀಶನೇ. ಹಿಂದಿನಿಂದ ಕೂಗಾಟ ಕೇಳಿ ತಿರುಗಿ ನೋಡಿದ. ಹೆಂಗಸೊಬ್ಬರು ತನ್ನನ್ನೇ ಗುರಿಯಿಟ್ಟು ಓಡಿಬರುತ್ತಿರುವುದು ಕಂಡಿತು. ಮೊದಲ ಬಹುಮಾನ ಕೈತಪ್ಪುತ್ತದೆಂದು ಅವನೂ ಓಟ ಕಿತ್ತ.

"ಏ ನಿಂತ್ಕೊಳೋ ಮಾರಾಯ, ಕೀ ಕೊಡೋ," ಎಂದು ಅವರು ಕೂಗಿದರು. ಮೈಕಿನ ಅಬ್ಬರದಲ್ಲಿ ಅವನಿಗೆ ಅದು ಕೇಳಲಿಲ್ಲ. ಸೇತುವೆಯ ಆ ತುದಿಯಲ್ಲಿ ಕೆಂಪು ರಿಬ್ಬನ್ ಕಟ್ಟಿದ್ದರು. ಬಸವರಾಜೇಶ್ವರಿಯವರು ಅವನ ಬನಿಯನ್ನಿಗೆ ಕೈ ಹಾಕಿ ಹಿಂದಕ್ಕೆ ಜಗ್ಗಿದ ರಭಸಕ್ಕೆ ತಾವೇ ಮುಂದೆ ಬಿದ್ದು, ರಿಬ್ಬನ್ ಅವರ ಎದೆಗೆ ತಾಗಿ ಹರಿಯಿತು. ಮಂಡಳಿಯ ಪದಾಧಿಕಾರಿಗಳು ಓಡಿಬಂದು ಕೊರಳಿಗೆ ಪದಕ ಹಾಕಿಯೇಬಿಟ್ಟರು. ಅವರು ಪದಕವನ್ನು ನೋಡಲೂ ಇಲ್ಲ, ತೆಗೆಯಲೂ ಇಲ್ಲ. ಸತೀಶನ ತೋಳು ಹಿಡಿದು, ಅಲ್ಲಿದ್ದ ಟ್ರಾಫಿಕ್ ಪೊಲೀಸಿನವನ ಬೈಕಿನ ಮೇಲೆ ಅವನನ್ನು ಕೂರಿಸಿ, ತಾವೂ ಹಿಂದೆ ಕೂತು ಬಂದರು. ಹೃದಯ ಉಳಿಸಲು ಹೊರಟ ನಾಲ್ಕುನೂರ ಚಿಲ್ಲರೆ ಜನ ಬೈಕಿಗೆ ದಾರಿ ಬಿಡದಿದ್ದುದರಿಂದ ಐದು ನಿಮಿಷದ ದಾರಿಗೆ ಹದಿನೈದು ನಿಮಿಷ ಹಿಡಿಯಿತು.

ದೇವರು ದೊಡ್ಡವನು, ಶೀತಲ್ ಅವನಿಗಿಂತ ಹತ್ತಿರದಲ್ಲಿದ್ದಳು. ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನೆಲ್ಲ ಅವಳು ಮಾಡಿದ್ದಳು. ಆಸ್ಪತ್ರೆ ಸೇರುವ ಹೊತ್ತಿಗೆ ಎದೆಯ ಮೇಲೆ ಕೂತವನು ಇಳಿದಿದ್ದ. ಇಸಿಜಿಯಾಯಿತು, ರಕ್ತ ಪರೀಕ್ಷೆಯಾಯಿತು. ಹೊಸದಾಗಿ ಏನೂ ಹಾನಿಯಾಗಿಲ್ಲ, ಸ್ಟೆಂಟ್ ಭದ್ರವಾಗಿದೆ ಎಂದು ಸಂಜೆ ತಿಳಿಯಿತು. ಡಾಕ್ಟರು ಜೋರು ಮಾಡಲಿಲ್ಲ. ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು. ನಾಡಿ ಇಳಿಯಲು ಎರಡು ದಾರಿಯಿದೆ ಎಂದರು. ಒಂದು, ವರ್ಷಗಟ್ಟಲೆ ನಡೆದು ಓಡಿ ಹೃದಯ ತಾನೇ ಬಲವಾಗುವುದು. ಇನ್ನೊಂದು, ನೊಂದ ಹೃದಯಕ್ಕೆ ವಿಶ್ರಾಂತಿ ಸಿಗಲೆಂದು ಮಾತ್ರೆ ಕೊಟ್ಟು ಲಗಾಮು ಹಾಕುವುದು. ಲಗಾಮನ್ನು ಒಮ್ಮೆಲೇ ಕಿತ್ತರೆ ಕುದುರೆ ದಿಕ್ಕೆಟ್ಟು ಓಡುತ್ತದೆ. ಇವತ್ತು ಆದದ್ದು ಅದೇ.

"ಶೀತಲ್ ಅವತ್ತು ಹೇಳೋಕೆ ಹೊರಟಿದ್ದೂ ಅದೇನೆ. ನಿಮ್ಮ ಐವತ್ತೆರಡು ಅನ್ನೋದು ಆ ಮಾತ್ರೆದು ಶಿವಯೋಗಪ್ಪನೋರೆ, ನಿಮ್ದಲ್ಲ."

ಆಮೇಲೆ ಡಾಕ್ಟರು, ಬೆಳಿಗ್ಗೆಯಿಂದ ಏನೂ ತಿನ್ನದೆ ಪದಕ ಹಾಕಿಕೊಂಡೇ ನಿಂತಿದ್ದ ಬಸವರಾಜೇಶ್ವರಿಯವರ ಕೈ ಹಿಡಿದು ನಾಡಿ ನೋಡಿದರು. ಅರವತ್ತನಾಲ್ಕಿತ್ತು. ಯಾವ ಮಾತ್ರೆ ತಗೋತೀರಿ ಎಂದು ಕೇಳಿದರು. ಯಾವುದೂ ಇಲ್ಲ ಎಂದರು ಅವರು. ಡಾಕ್ಟರು ಗಂಡನ ಮುಖ ನೋಡಿದರು. ಗಂಡ ಗೋಡೆಯ ಕ್ಯಾಲೆಂಡರ್ ನೋಡಿದರು.

ಮರುದಿನದ ಪೇಪರಿನಲ್ಲಿ ರಿಬ್ಬನ್ ಹರಿಯುತ್ತಿರುವ ಬಸವರಾಜೇಶ್ವರಿಯವರ ಚಿತ್ರ ಬಂತು. ಕೆಳಗೆ 'ಮಾಜಿ ಓಟಗಾರರ ಪತ್ನಿಗೆ ಪ್ರಥಮ ಸ್ಥಾನ' ಎಂದಿತ್ತು. ಎಲ್ಲದಕ್ಕೂ ಪತಿಯೇ ಪ್ರೇರಣೆ ಎಂದು ಅವರು ಹೇಳಿದ್ದಾಗಿಯೂ ಬರೆದಿತ್ತು. ಅವರನ್ನು ಮಾತಾಡಿಸಿದವರು ಯಾರೂ ಇರಲಿಲ್ಲ.

ಶಿವಯೋಗಪ್ಪನವರು ಮತ್ತೆ ಪುನರ್ವಸತಿ ಘಟಕಕ್ಕೆ ಹೋಗತೊಡಗಿದರು. ಹತ್ತು ನಿಮಿಷದಿಂದ ಶುರು. ಮೊದಲು ನಿಧಾನ, ಆಮೇಲೆ ಸ್ವಲ್ಪ ಬಿರುಸು, ಮತ್ತೆ ನಿಧಾನ. ಮಾತ್ರೆ ನುಂಗಿದ ಮೇಲೆ ಹೆಂಡತಿಯ ಮುಂದೆ ಬಾಯಿ ತೆರೆದು, ನಾಲಗೆ ಎತ್ತಿ ತೋರಿಸಬೇಕಿತ್ತು. ತೋರಿಸುತ್ತಿದ್ದರು.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಬೆಂಚಿನ ಮಂಡಲಿಯ ಏಳು ಜನ ಹಣ್ಣು ಹಿಡಿದು ನೋಡಲು ಬಂದರು. ಶಂಕರನಾರಾಯಣರಿಗೆ ಮೆಟ್ಟಿಲು ಹತ್ತುವಾಗ ಏದುಸಿರು. ಇಳಿದ ಆರು ಕಿಲೋ ಜೊತೆಗೆ ಎರಡನ್ನು ಕರೆದುಕೊಂಡು ವಾಪಸು ಬಂದಿದ್ದರಿಂದ ಸುವರ್ಣಮ್ಮನವರು ಕೂತ ಬೆತ್ತದ ಕುರ್ಚಿ ಕಿರುಗುಟ್ಟಿತು. ತಾವಿಲ್ಲದೆ ಬೆಂಚು ಬಿಕೋ ಎನ್ನುತ್ತಿದೆ, ಯಾವಾಗ ಬರುತ್ತೀರಿ ಎಂದು ಎಲ್ಲರೂ ಕೇಳಿದರು.

ಶಿವಯೋಗಪ್ಪನವರು ಹಣ್ಣಿನ ಚೀಲ ಪಕ್ಕಕ್ಕಿಟ್ಟರು. ಮೂವತ್ತೊಂದು ವರ್ಷದ ಸೇವೆಯಲ್ಲಿ ತಪ್ಪಾಯಿತು ಎಂದು ಒಂದು ಟಿಪ್ಪಣಿಯನ್ನೂ ಬರೆಯದ ಮನುಷ್ಯ. ಆಮೇಲೆ ಎದ್ದು ನಿಂತು ಹೇಳಿದರು.

"ನಾನು ಹೇಳಿದ್ದೆಲ್ಲ ತಪ್ಪು ಕಣ್ರಪ್ಪ. ನನ್ನ ಹೃದಯ ಓಟಗಾರಂದಲ್ಲ. ಒಂದು ಸಣ್ಣ ಬಿಳಿ ಮಾತ್ರೆ ತಗೋತೀನಿ, ಅದ್ರಿಂದ ಬಡಿತ ಇಳಿದಿತ್ತು. ಕೂತಿದ್ದಕ್ಕಲ್ಲ. ನೀವೆಲ್ಲ ನಾಳೆಯಿಂದ ಮೊದಲಿನ ಹಾಗೆ ನಡೀರಿ. ನಾನೂ ಬಂದು ಜೊತೆಗೆ ನಡೀತೀನಿ."

ಒಳಗೆ ಕಾಫಿ ಸೋಸುತ್ತಿದ್ದ ಬಸವರಾಜೇಶ್ವರಿಯವರು ವರಾಂಡದ ಬಾಗಿಲಿಗೆ ಬಂದು ಗಂಡನನ್ನು ನೋಡಿ ನಿಂತರು. ಅವರ ಮುಖದ ಮೇಲೆ ಬಹಳ ವರ್ಷದಿಂದ ಕಾಣದಿದ್ದೊಂದು ಮೆಚ್ಚುಗೆಯಿತ್ತು.

ಶಂಕರನಾರಾಯಣರು ಅಂಗಿಯ ಜೇಬಿನಿಂದ ಪೆನ್ನು ತೆಗೆದರು.

"ಅಲ್ಲ, ಬರೀ ಒಂದು ಮಾತ್ರೆಗೇ ಐವತ್ತೆರಡಾಗುತ್ತೆ ಅಂತೀರಾ? ಹೆಸರೇನಂದ್ರಿ ಅದರದ್ದು?"

"ನಿಧಾನಕ್ಕೆ ಹೇಳಿ," ಎಂದರು ಸುವರ್ಣಮ್ಮ, ಚೀಲದಲ್ಲಿ ಕನ್ನಡಕ ಹುಡುಕುತ್ತಾ. "ನಾನೂ ಬರ್ಕೋತೀನಿ."

ಉಳಿದ ಐವರು ಮೊಬೈಲ್ ತೆಗೆದು ಕಾಯುತ್ತಿದ್ದರು.